ಮಾತಿಗೆ ನಿಂತ ನಾಸ್ತಿಕ: ಚಾರ್ಲ್ಸ್ ಬ್ರಾಡ್ಲಾ

ನಮ್ಮ ಕಡೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರಿಗೆ ಅನುಮಾನ ಬಂದರೆ ಆಣೆ ಇಡು ಎನ್ನುವುದು ವಾಡಿಕೆ. ಮಕ್ಕಳು ಆಟದ ನಡುವೆ ದೇವರಾಣೆ ಎನ್ನುತ್ತಾರೆ. ದೊಡ್ಡವರು ಸಾಲದ ತಕರಾರು, ಹೊಲದ ಬದುವಿನ ತಕರಾರು ಬಂದಾಗ ಧರ್ಮಸ್ಥಳದ ಮಂಜುನಾಥನ ಹೆಸರೆತ್ತುತ್ತಾರೆ. ಆ ಹೆಸರಿನ ಮುಂದೆ ಸುಳ್ಳು ಹೇಳಲು ಧೈರ್ಯ ಬರುವುದಿಲ್ಲ ಎಂಬ ಭರವಸೆಯಿಂದ ಎಷ್ಟೋ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತದೆ ಮುಗಿಯುತ್ತವೆ. ಆದರೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ದೇವರನ್ನು ನಂಬದ ಮನುಷ್ಯ ಯಾವ ಆಣೆ ಇಡಬೇಕು? ಅವನ ಮಾತನ್ನು ನಾವು ನಂಬುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇದೊಂದೇ ಪ್ರಶ್ನೆಯನ್ನು ಹಿಡಿದು ಸುಮಾರು ಆರು ವರ್ಷ ಹೊಯ್ದಾಡಿತು. ಆ ಪ್ರಶ್ನೆಯನ್ನು ಎದುರು ನಿಲ್ಲಿಸಿದವರು ಚಾರ್ಲ್ಸ್ ಬ್ರಾಡ್ಲಾ. ದೇವರು ಇದ್ದಾನೆಯೇ ಇಲ್ಲವೇ ಎಂದು ವಾದಿಸಲು ಈ ಲೇಖನ ಬರೆಯುತ್ತಿಲ್ಲ. ಅದನ್ನು ಓದುಗರು ತಮ್ಮ ತಮ್ಮ ಬುದ್ಧಿಗೆ, ಮನಸ್ಸಿಗೆ ತಕ್ಕಂತೆ ನೋಡಿಕೊಳ್ಳಲಿ. ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ ಒಬ್ಬ ಮನುಷ್ಯ ಅದಕ್ಕಾಗಿ ಏನೇನು ತೆರಬೇಕಾಯಿತು, ಆ ಹೋರಾಟದ ಫಲ ನಮ್ಮ ದೇಶದವರೆಗೆ ಹೇಗೆ ಬಂತು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕೆಂಬುದಷ್ಟೇ ಇಲ್ಲಿಯ ಉದ್ದೇಶ.

ಬ್ರಾಡ್ಲಾ ಹುಟ್ಟಿದ್ದು 1833ರ ಸೆಪ್ಟೆಂಬರ್ 26ರಂದು, ಲಂಡನ್ನಿನ ಪೂರ್ವ ಭಾಗದ ಹಾಕ್ಸ್‌ಟನ್ ಎಂಬಲ್ಲಿ. ತಂದೆ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಬಡತನ. ಹನ್ನೊಂದನೆಯ ವಯಸ್ಸಿಗೇ ಹುಡುಗನ ಶಾಲೆ ಮುಗಿಯಿತು. ಮೊದಲು ಓಡಾಟದ ಕೆಲಸದ ಹುಡುಗ, ಆಮೇಲೆ ಕಲ್ಲಿದ್ದಲು ವ್ಯಾಪಾರಿಯೊಬ್ಬರ ಬಳಿ ಗುಮಾಸ್ತ. ಓದುವ ಹಂಬಲ ಮಾತ್ರ ಬಿಡಲಿಲ್ಲ. ಭಕ್ತಿಯೂ ಬೇಕಾದಷ್ಟಿತ್ತು. ಚರ್ಚಿನಲ್ಲಿ ಭಾನುವಾರ ನಡೆಯುವ ಧರ್ಮಪಾಠದ ತರಗತಿಯಲ್ಲಿ ಆ ಹುಡುಗನೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ.

ಹದಿನೈದರ ಸುಮಾರಿಗೆ ಬಿಷಪ್ಪರು ಆ ಚರ್ಚಿಗೆ ಬರುವವರಿದ್ದರು. ಅವರ ಮುಂದೆ ನಿಲ್ಲಬೇಕಾದ ಹುಡುಗ ಚೆನ್ನಾಗಿ ಸಿದ್ಧನಾಗಲೆಂದು ಬೈಬಲ್ಲಿನ ನಾಲ್ಕು ಸುವಾರ್ತೆಗಳನ್ನು, ಇಂಗ್ಲೆಂಡಿನ ಚರ್ಚಿನ 39 ವಿಧಿಗಳನ್ನು ಎದುರಿಗಿಟ್ಟುಕೊಂಡು ಹೋಲಿಸಿ ಓದಿದ. ಕೆಲವೆಡೆ ಒಂದಕ್ಕೊಂದು ಹೊಂದಿಕೆಯಾಗಲಿಲ್ಲ. ತಿಳಿಯದ್ದನ್ನು ಗುರುಗಳ ಬಳಿ ಕೇಳುವುದು ಶಿಷ್ಯನ ಧರ್ಮ. ಹಾಗೆಂದು ವಿನಯದಿಂದಲೇ ಚರ್ಚಿನ ಪಾದ್ರಿಗಳಿಗೆ ಒಂದು ಪತ್ರ ಬರೆದು ವಿವರಣೆ ಬೇಡಿದ. ವಿವರಣೆ ಬರಲಿಲ್ಲ. ಪಾದ್ರಿಗಳು ಅವನ ತಂದೆತಾಯಿಗೆ ನಿಮ್ಮ ಮಗ ನಾಸ್ತಿಕನಾಗಿದ್ದಾನೆಂದು ತಿಳಿಸಿ, ಮೂರು ತಿಂಗಳು ಪಾಠ ಹೇಳಕೂಡದೆಂದು ಶಿಕ್ಷೆ ಕೊಟ್ಟರು. ಹುಡುಗ ಆಗ ನಾಸ್ತಿಕನೇನೂ ಆಗಿರಲಿಲ್ಲ. ಅವನಲ್ಲಿ ಇದ್ದದ್ದು ಸಂದೇಹ ಮಾತ್ರ.

ಬಿಡುವಾದ ಭಾನುವಾರಗಳಲ್ಲಿ ಅವನು ಬಯಲಿನಲ್ಲಿ ನಡೆಯುವ ವಾದವಿವಾದಗಳನ್ನು ಕೇಳಲು ಹೋಗತೊಡಗಿದ. ಮೊದಮೊದಲು ಅಲ್ಲಿ ಧರ್ಮದ ಪರವಾಗಿಯೇ ವಾದಿಸಿದ. ವಾದಿಸುತ್ತಾ ಹೋದಂತೆ ತನ್ನ ಪಕ್ಷ ಸಡಿಲವಾಗುತ್ತಿದೆ ಎನ್ನಿಸಿತು. ಕೊನೆಗೆ ಮೂರು ದಿನದೊಳಗೆ ಅಭಿಪ್ರಾಯ ಬದಲಿಸಬೇಕು, ಇಲ್ಲವೇ ಕೆಲಸ ಬಿಡಬೇಕು ಎಂಬ ಗಡುವು ಬಂತು. ಹುಡುಗ ಕೆಲಸವನ್ನೂ ಬಿಟ್ಟ, ಮನೆಯನ್ನೂ ಬಿಟ್ಟ.

ಹೊಟ್ಟೆಪಾಡಿಗೆ ದಲ್ಲಾಳಿ ಕಮಿಷನ್ನಿನ ಮೇಲೆ ಕಲ್ಲಿದ್ದಲು ಮಾರಲು ಹೊರಟ. ಅವನ ಮುಖ್ಯ ಗಿರಾಕಿ ಒಂದು ಬೇಕರಿಯವರು. ಇವನು ನಾಸ್ತಿಕನೆಂಬ ಸುದ್ದಿ ಬೇಕರಿಯವನ ಹೆಂಡತಿಯ ಕಿವಿಗೆ ಬಿತ್ತು. ಇವನು ತಂದ ಕಲ್ಲಿದ್ದಲಿನಲ್ಲಿ ಬೇಯಿಸಿದರೆ ನಮ್ಮ ರೊಟ್ಟಿಗೆ ನರಕದ ಗಂಧಕದ ವಾಸನೆ ಹತ್ತೀತು ಎಂದು ಆಕೆ ಹೆದರಿ ವ್ಯಾಪಾರ ನಿಲ್ಲಿಸಿದಳು. ಓದಿದರೆ ಇಂದು ನಗು ಬರುತ್ತದೆ. ಆದರೆ ಹದಿನೇಳು ತುಂಬುವ ಹೊತ್ತಿಗೆ ಆ ಹುಡುಗನ ಕೈಯಲ್ಲಿ ಉಳಿದದ್ದು ಸಾಲ ಮಾತ್ರ. 1850ರ ಕೊನೆಯಲ್ಲಿ ಅವನು ಸೈನ್ಯಕ್ಕೆ ಸೇರಿದ್ದು ದೇಶಪ್ರೇಮದ ಉಬ್ಬರದಿಂದಲ್ಲ. ಸಾಲ ತೀರಿಸಲು ಬೇರೆ ದಾರಿ ಇರಲಿಲ್ಲ.

ಕುದುರೆ ದಳದಲ್ಲಿ ಐರ್ಲೆಂಡಿನಲ್ಲಿ ಸುಮಾರು ಮೂರು ವರ್ಷ ಕಳೆದ ಮೇಲೆ, ಸಂಬಂಧಿಯೊಬ್ಬರು ಬಿಟ್ಟುಹೋದ ಅಲ್ಪ ಹಣದಿಂದ ಬಿಡುಗಡೆ ಪಡೆದು 1853ರಲ್ಲಿ ಬ್ರಾಡ್ಲಾ ಲಂಡನ್ನಿಗೆ ಮರಳಿದರು. ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಾನೂನನ್ನು ಕಚೇರಿಯ ಕಡತಗಳಿಂದಲೇ ಕಲಿತರು. ಸಂಜೆ ಹೊತ್ತು ಧರ್ಮ, ರಾಜಕೀಯ ಕುರಿತು ಉಪನ್ಯಾಸ ಮಾಡುತ್ತಿದ್ದರು. ತಮ್ಮ ಅಭಿಪ್ರಾಯಗಳಿಂದ ಅನ್ನ ಕೊಟ್ಟ ಯಜಮಾನರಿಗೆ ತೊಂದರೆಯಾಗಬಾರದೆಂದು ವೇದಿಕೆಯ ಮೇಲೆ ಸ್ವಂತ ಹೆಸರು ಬಳಸದೆ, ವಿಗ್ರಹಭಂಜಕ ಎಂಬ ಅರ್ಥದ ಇನ್ನೊಂದು ಹೆಸರು ಇಟ್ಟುಕೊಂಡರು. 1860ರಲ್ಲಿ ನ್ಯಾಷನಲ್ ರಿಫಾರ್ಮರ್ ಪತ್ರಿಕೆ ಆರಂಭವಾಯಿತು. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಹುಟ್ಟಿತು. ಎತ್ತರದ ಆಳು, ದೊಡ್ಡ ಕಂಠ, ಕಾನೂನಿನ ಹಿಡಿತ; ಕೆಲವೇ ವರ್ಷಗಳಲ್ಲಿ ಕೂಲಿಕಾರರ ಸಭೆಗಳಲ್ಲಿ ಅವರ ಹೆಸರು ಮನೆಮಾತಾಯಿತು.

ಹೆಸರಿನ ಜೊತೆ ಅಪವಾದವೂ ಬೆಳೆಯಿತು. ಬ್ರಾಡ್ಲಾ ಸಭೆಯಲ್ಲಿ ಗಡಿಯಾರ ಕೈಯಲ್ಲಿ ಹಿಡಿದು, ದೇವರಿದ್ದರೆ ಐದು ನಿಮಿಷದೊಳಗೆ ತನ್ನನ್ನು ಕೊಲ್ಲಲಿ ಎಂದು ಸವಾಲು ಹಾಕಿದರೆಂಬ ಕಥೆ ಊರೂರು ಸುತ್ತಿತು. ಅವರು ಅದನ್ನು ಸುಳ್ಳೆಂದು ಮತ್ತೆ ಮತ್ತೆ ಹೇಳಿದರು, ಅಚ್ಚು ಹಾಕಿದವರ ಮೇಲೆ ಕೋರ್ಟಿಗೂ ಹೋದರು. ಕಥೆ ನಿಲ್ಲಲಿಲ್ಲ. ನಾಸ್ತಿಕನೆಂದರೆ ಹೀಗೆಯೇ ಇರುತ್ತಾನೆ ಎಂದು ಜನ ಮೊದಲೇ ತೀರ್ಮಾನಿಸಿದ್ದರೆ, ಹಾಗೆ ಇಲ್ಲದವನ ಬಗ್ಗೆಯೂ ಹಾಗೆಯೇ ಕಥೆ ಹುಟ್ಟುತ್ತದೆ.

ಅಪವಾದಕ್ಕಿಂತ ಕಠಿಣವಾದದ್ದು ಕಾನೂನು. ಆಗಿನ ಇಂಗ್ಲೆಂಡಿನ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರು ಬೈಬಲ್ ಮುಟ್ಟಿ ಪ್ರಮಾಣ ಮಾಡಬೇಕಿತ್ತು. ದೇವರನ್ನೂ ಪರಲೋಕದ ಶಿಕ್ಷೆಯನ್ನೂ ನಂಬದವರ ಸಾಕ್ಷ್ಯಕ್ಕೆ ಬೆಲೆಯೇ ಇರಲಿಲ್ಲ. ಬ್ರಾಡ್ಲಾ ತಮಗೆ ಬರಬೇಕಾದ ಹಣಕ್ಕಾಗಿ ಒಬ್ಬರ ಮೇಲೆ ದಾವೆ ಹೂಡಿದಾಗ, ಅವರು ನಾಸ್ತಿಕರೆಂಬ ಕಾರಣಕ್ಕೆ ಅವರ ಸಾಕ್ಷ್ಯವನ್ನು ಕೋರ್ಟು ಸ್ವೀಕರಿಸಲಿಲ್ಲ. ಇದರ ಅರ್ಥವೇನೆಂದು ಯೋಚಿಸಿ. ನಾಸ್ತಿಕನನ್ನು ಯಾರು ಬೇಕಾದರೂ ವಂಚಿಸಬಹುದು. ಅವನು ಬಾಯಿ ತೆರೆಯುವಂತಿಲ್ಲ. ಇನ್ನೂ ಒಂದು ವಿಚಿತ್ರವಿದೆ. ದೇವರನ್ನು ನಂಬದ ಮೋಸಗಾರನು ನಂಬುತ್ತೇನೆಂದು ಸುಳ್ಳು ಹೇಳಿ ಸಲೀಸಾಗಿ ಪ್ರಮಾಣ ಮಾಡಬಹುದಿತ್ತು. ನಂಬುವುದಿಲ್ಲವೆಂದು ನಿಜ ಹೇಳಿದವನು ಮಾತ್ರ ಸುಳ್ಳುಗಾರರ ಸಾಲಿಗೆ ಸೇರುತ್ತಿದ್ದ. ಇಂತಹ ಪ್ರಕರಣಗಳ ಫಲವಾಗಿ 1869 ಮತ್ತು 1870ರಲ್ಲಿ ಕಾನೂನು ತಿದ್ದುಪಡಿಯಾಗಿ, ದೇವರ ಹೆಸರಿಲ್ಲದೆ ಸತ್ಯವನ್ನೇ ಹೇಳುತ್ತೇನೆಂದು ದೃಢವಚನ ಕೊಟ್ಟು ಸಾಕ್ಷಿ ಹೇಳಲು ಅವಕಾಶವಾಯಿತು.

1877ರಲ್ಲಿ ಬ್ರಾಡ್ಲಾ ಮತ್ತು ಅವರ ಸಹೋದ್ಯೋಗಿ ಆನಿ ಬೆಸೆಂಟ್ ಕುಟುಂಬ ನಿಯಂತ್ರಣದ ಬಗ್ಗೆ ಅಮೆರಿಕದ ವೈದ್ಯರೊಬ್ಬರು ಬರೆದಿದ್ದ ಕಿರುಹೊತ್ತಗೆಯನ್ನು ಮರುಮುದ್ರಿಸಿದರು. ಅಶ್ಲೀಲವೆಂದು ಇಬ್ಬರಿಗೂ ಜೈಲುಶಿಕ್ಷೆ ಆಯಿತು. ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣದಿಂದ ಅದು ರದ್ದಾಯಿತು. ಆದರೆ ಮರುವರ್ಷ ಕೋರ್ಟು ಬೆಸೆಂಟರ ಚಿಕ್ಕ ಮಗಳನ್ನು ತಾಯಿಯಿಂದ ಬೇರ್ಪಡಿಸಿತು. ತಾಯಿ ನಾಸ್ತಿಕಳು ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅದೇ ಆನಿ ಬೆಸೆಂಟ್ ಮುಂದೆ ಥಿಯಾಸಫಿಯ ಕಡೆ ಹೊರಳಿ ಭಾರತಕ್ಕೆ ಬಂದು, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದನ್ನು ನಮ್ಮ ಇತಿಹಾಸದ ಪಾಠದಲ್ಲಿ ಓದುತ್ತೇವೆ.

ನಾರ್ಥಾಂಪ್ಟನ್ ಎಂಬುದು ಬೂಟು ಹೊಲಿಯುವವರ ಊರು. ಬ್ರಾಡ್ಲಾ ಅಲ್ಲಿಂದ 1868ರಲ್ಲಿ ಒಮ್ಮೆ, 1874ರಲ್ಲಿ ಎರಡು ಬಾರಿ ಚುನಾವಣೆಗೆ ನಿಂತು ಮೂರು ಸಲವೂ ಸೋತರು. 1880ರಲ್ಲಿ ಗೆದ್ದರು. ಮೇ 3ರಂದು ಕಾಮನ್ಸ್ ಸಭೆಗೆ ಹೋಗಿ, ಕೋರ್ಟಿನಲ್ಲಿ ಇರುವಂತೆ ಇಲ್ಲಿಯೂ ಪ್ರಮಾಣದ ಬದಲು ದೃಢವಚನ ಸ್ವೀಕರಿಸಲು ಅವಕಾಶ ಕೇಳಿದರು. ಇದು ಹೊಸ ಬೇಡಿಕೆಯೇನಲ್ಲ. ಆಣೆ ಇಡುವುದೇ ಪಾಪವೆಂದು ನಂಬುವ ಕ್ವೇಕರ್ ಪಂಥದ ಕ್ರೈಸ್ತರೊಬ್ಬರಿಗೆ 1833ರಲ್ಲಿ, ಅಂದರೆ ಬ್ರಾಡ್ಲಾ ಹುಟ್ಟಿದ ವರ್ಷವೇ, ಅದೇ ಸಭೆ ಈ ರಿಯಾಯಿತಿ ಕೊಟ್ಟಿತ್ತು. ಲಯನೆಲ್ ಡಿ ರಾತ್‌ಸ್ಚೈಲ್ಡ್ ಎಂಬ ಯಹೂದಿಯರು 1847ರಲ್ಲಿ ಆಯ್ಕೆಯಾಗಿ, ಕ್ರೈಸ್ತ ಪ್ರಮಾಣದ ಮಾತುಗಳನ್ನು ಹೇಳಲಾರದೆ ಹನ್ನೊಂದು ವರ್ಷ ಹೊರಗೆ ಕಾದು, 1858ರಲ್ಲಿ ಒಳಗೆ ಬಂದಿದ್ದರು. ಬಾಗಿಲು ಒಬ್ಬೊಬ್ಬರಿಗಾಗಿ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಬಂದಿತ್ತು. ಬ್ರಾಡ್ಲಾ ಬಂದಾಗ ಮತ್ತೆ ಮುಚ್ಚಿತು.

ಸಭೆಯ ಸಮಿತಿ ಅವರಿಗೆ ಆ ಹಕ್ಕಿಲ್ಲವೆಂದಿತು. ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಮಾಡುತ್ತೇನೆ ಎಂದರು ಬ್ರಾಡ್ಲಾ. ಅದರಲ್ಲಿಯ ದೇವರ ಹೆಸರು ತಮಗೆ ಅರ್ಥವಿಲ್ಲದ್ದಾದರೂ ಕೊಟ್ಟ ಮಾತಿಗೆ ತಾವು ಪೂರ್ತಿ ಬದ್ಧರೆಂದು ಬಹಿರಂಗ ಪತ್ರವನ್ನೂ ಬರೆದರು. ವಿರೋಧಿಗಳಿಗೆ ಬೇಕಾದದ್ದು ಅದೇ. ನಂಬದವನು ಪ್ರಮಾಣ ಮಾಡಿದರೆ ಅದು ದೇವರಿಗೆ ಅಪಚಾರ ಎಂದು ಎದ್ದು ನಿಂತರು. ವಿನ್‌ಸ್ಟನ್ ಚರ್ಚಿಲ್ಲರ ತಂದೆ ಲಾರ್ಡ್ ರ‍್ಯಾಂಡಾಲ್ಫ್ ಚರ್ಚಿಲ್ ಅವರಲ್ಲಿ ಪ್ರಮುಖರು. ಧರ್ಮಶ್ರದ್ಧೆಯ ಜೊತೆಗೆ, ಪ್ರಧಾನಿ ಗ್ಲಾಡ್‌ಸ್ಟನ್ನರ ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸುವ ಲೆಕ್ಕಾಚಾರವೂ ಅದರಲ್ಲಿತ್ತು. ಮನಸ್ಸಿನಲ್ಲಿ ಸಂದೇಹವಿದ್ದೂ ಸುಮ್ಮನೆ ಪ್ರಮಾಣ ಮಾಡಿ ಕುಳಿತವರು ಆ ಸಭೆಗೆ ಹೊಸಬರಲ್ಲ. ಅವರನ್ನು ಯಾರೂ ಕೇಳಲಿಲ್ಲ. ಬ್ರಾಡ್ಲಾ ಮಾಡಿದ ಅಪರಾಧವೆಂದರೆ ಮುಚ್ಚಿಡದೆ ಹೇಳಿದ್ದು.

ಜೂನ್ 22ರಂದು 275ಕ್ಕೆ 230 ಮತಗಳಿಂದ ಸಭೆ, ಅವರು ಪ್ರಮಾಣವನ್ನೂ ಮಾಡಕೂಡದು, ದೃಢವಚನವನ್ನೂ ಕೊಡಕೂಡದು ಎಂದು ಗೊತ್ತುವಳಿ ಮಾಡಿತು. ಮರುದಿನ ಹೊರಗೆ ಹೋಗಲು ಒಪ್ಪದ ಬ್ರಾಡ್ಲಾರನ್ನು ಬಂಧಿಸಿ, ಬಿಗ್ ಬೆನ್ ಗಂಟೆ ಇರುವ ಗಡಿಯಾರದ ಗೋಪುರದ ಕೋಣೆಯಲ್ಲಿ ಒಂದು ರಾತ್ರಿ ಇರಿಸಿದರು. ಜುಲೈಯಲ್ಲಿ ಗ್ಲಾಡ್‌ಸ್ಟನ್ನರ ಪ್ರಯತ್ನದಿಂದ, ಕಾನೂನಿನ ಪರಿಣಾಮ ತನ್ನ ತಲೆಯ ಮೇಲೇ ಇರಲಿ ಎಂಬ ಷರತ್ತಿನೊಡನೆ ದೃಢವಚನ ಕೊಟ್ಟು ಕುಳಿತರು. ಕೂಡಲೇ ದಾವೆ ಬಿತ್ತು. ಪ್ರಮಾಣವಿಲ್ಲದೆ ಹಾಕಿದ ಒಂದೊಂದು ಮತಕ್ಕೆ 500 ಪೌಂಡ್ ದಂಡ! 1881ರ ಮಾರ್ಚಿನಲ್ಲಿ ಕೋರ್ಟು ಅವರ ವಿರುದ್ಧ ತೀರ್ಪಿತ್ತಿತು, ಸ್ಥಾನ ತೆರವಾಯಿತು. ನಾರ್ಥಾಂಪ್ಟನ್ನಿನ ಜನ ಏಪ್ರಿಲ್‌ನಲ್ಲಿ ಮತ್ತೆ ಅವರನ್ನೇ ಆರಿಸಿ ಕಳುಹಿಸಿದರು.

ಆ ವರ್ಷದ ಆಗಸ್ಟ್ 3ರಂದು ಬ್ರಾಡ್ಲಾ ಸಭೆಯ ಬಾಗಿಲಿಗೆ ಬಂದರು. ಹೊರಗೆ ಅಂಗಳದಲ್ಲಿ ನಾನಾ ಊರುಗಳಿಂದ ಬಂದ ಬೆಂಬಲಿಗರು ತುಂಬಿದ್ದರು. ಏನೇ ಆದರೂ ಶಾಂತಿ ಕೆಡಿಸಬೇಡಿ ಎಂದು ಅವರಿಗೆ ತಾಕೀತು ಮಾಡಿಯೇ ಬ್ರಾಡ್ಲಾ ಒಳಗೆ ಹೋಗಿದ್ದರು. ಪೊಲೀಸರು, ಸಭೆಯ ಸೇವಕರು ಸೇರಿ ಆ ದೊಡ್ಡ ಆಳನ್ನು ಹಿಡಿದು ಎಳೆದು ಮೆಟ್ಟಿಲುಗಳ ಮೇಲಿನಿಂದ ಕೆಳಕ್ಕೆ ತಳ್ಳಿದರು. ಕೋಟು ಹರಿಯಿತು, ತೋಳುಗಳಿಗೆ ಪೆಟ್ಟಾಗಿ ಮುಂದೆ ಕಾಯಿಲೆ ಬಿದ್ದರು. ಒಂದು ಕೂಗು ಹಾಕಿದ್ದರೆ ಹೊರಗಿನ ಜನ ಒಳನುಗ್ಗುತ್ತಿದ್ದರು. ಆ ಕೂಗು ಅವರ ಬಾಯಿಂದ ಬರಲಿಲ್ಲ. ಕಾನೂನಿಗಾಗಿ ಹೋರಾಡುವವನು ಕಾನೂನು ಮುರಿಯಬಾರದೆಂಬುದು ಅವರ ನಿಲುವು. ದೇವರ ಭಯವಿಲ್ಲದವನಿಗೆ ಯಾವ ಕಟ್ಟುಪಾಡೂ ಇಲ್ಲ ಎನ್ನುತ್ತಿದ್ದವರು ಆ ದಿನ ಕಟ್ಟುಪಾಡು ಯಾರ ಕಡೆ ಇತ್ತೆಂದು ನೋಡಬಹುದಿತ್ತು.

1882ರ ಫೆಬ್ರವರಿಯಲ್ಲಿ ಬ್ರಾಡ್ಲಾ ಜೇಬಿನಿಂದ ಹೊಸ ಒಡಂಬಡಿಕೆಯ ಪ್ರತಿ ತೆಗೆದು ತಮಗೆ ತಾವೇ ಪ್ರಮಾಣ ಬೋಧಿಸಿಕೊಂಡರು. ಸಭೆ ಅವರನ್ನು ಉಚ್ಚಾಟಿಸಿತು. ಮಾರ್ಚಿನಲ್ಲಿ ಜನ ಮತ್ತೆ ಆರಿಸಿದರು. 1883ರಲ್ಲಿ ದೃಢವಚನಕ್ಕೆ ಅವಕಾಶ ಕೊಡುವ ಮಸೂದೆ ಬಂತು. ಪರಮ ದೈವಭಕ್ತರಾದ ಗ್ಲಾಡ್‌ಸ್ಟನ್ ಅದರ ಪರವಾಗಿ ಮಾಡಿದ ಭಾಷಣ ಅವರ ಜೀವನದ ಶ್ರೇಷ್ಠ ಭಾಷಣಗಳಲ್ಲಿ ಒಂದೆಂದು ಹೆಸರಾಗಿದೆ. ನಂಬದವರನ್ನು ಹೊರಗಿಡುವುದರಿಂದ ಧರ್ಮಕ್ಕೆ ಲಾಭವಿಲ್ಲ, ಹಾನಿಯೇ ಇದೆ ಎಂಬುದು ಅವರ ವಾದದ ತಿರುಳು. ಮಸೂದೆ 289ಕ್ಕೆ 292, ಕೇವಲ ಮೂರು ಮತಗಳಿಂದ ಬಿದ್ದುಹೋಯಿತು. 1884ರಲ್ಲಿ ಮತ್ತೊಂದು ಉಪಚುನಾವಣೆ, ಮತ್ತೆ ಗೆಲುವು. 1885ರ ಮಹಾಚುನಾವಣೆಯಲ್ಲೂ ಗೆಲುವು. ಕೊನೆಗೆ 1886ರ ಜನವರಿ 13ರಂದು ಸ್ಪೀಕರ್ ಆರ್ಥರ್ ಪೀಲ್, ಆಯ್ಕೆಯಾದ ಸದಸ್ಯನು ಪ್ರಮಾಣ ಮಾಡುವುದನ್ನು ತಡೆಯಲು ಯಾರಿಗೂ ಅಧಿಕಾರವಿಲ್ಲವೆಂದು ಹೇಳಿ ಆಕ್ಷೇಪಣೆಗಳಿಗೆ ಕಿವಿಗೊಡಲಿಲ್ಲ. ಬ್ರಾಡ್ಲಾ ಪ್ರಮಾಣ ಮಾಡಿ ತಮ್ಮ ಜಾಗದಲ್ಲಿ ಕುಳಿತರು. ಮೊದಲ ಗೆಲುವಿನಿಂದ ಆ ದಿನದವರೆಗೆ ಬಹುತೇಕ ಆರು ವರ್ಷ ಸಂದಿತ್ತು. ಕೋರ್ಟುಗಳಲ್ಲಿ ತಮ್ಮ ಪರ ತಾವೇ ವಾದಿಸಿದರೂ ಅಷ್ಟು ದಾವೆಗಳ ಖರ್ಚು ಅವರನ್ನು ಸಾಲದಲ್ಲಿ ಮುಳುಗಿಸಿತ್ತು.

ಒಳಗೆ ಬಂದ ಮೇಲೆ ಅವರು ಸೇಡಿಗೆ ಇಳಿಯಲಿಲ್ಲ. ಕೂಲಿಯನ್ನು ಹಣದ ಬದಲು ಸಾಮಾನುಗಳಲ್ಲಿ ಕೊಟ್ಟು ಕಾರ್ಮಿಕರನ್ನು ಸುಲಿಯುವ ಪದ್ಧತಿಯ ವಿರುದ್ಧ 1887ರಲ್ಲಿ ಕಾನೂನು ಬಿಗಿಮಾಡಿಸಿದರು. 1888ರಲ್ಲಿ ಪ್ರಮಾಣ ಕಾಯಿದೆಯನ್ನು ತಂದು, ಪಾರ್ಲಿಮೆಂಟಿನಲ್ಲೂ ಕೋರ್ಟಿನಲ್ಲೂ ದೃಢವಚನದ ಹಕ್ಕನ್ನು ಎಲ್ಲರಿಗೂ ದೊರಕಿಸಿದರು. ಭಾರತದ ರೈತರ, ತೆರಿಗೆಯ, ಆಡಳಿತದ ಪ್ರಶ್ನೆಗಳನ್ನು ಎಡೆಬಿಡದೆ ಎತ್ತುತ್ತಿದ್ದುದರಿಂದ ಅವರಿಗೆ ಭಾರತದ ಸದಸ್ಯ ಎಂಬ ಅಡ್ಡಹೆಸರೇ ಬಿತ್ತು. ಭಾರತೀಯರಿಗೆ ಆ ಸಭೆಯಲ್ಲಿ ಒಂದು ಸ್ಥಾನವೂ ಇಲ್ಲದ ಕಾಲವದು. 1889ರ ಕೊನೆಯಲ್ಲಿ, ದೊಡ್ಡ ಕಾಯಿಲೆಯಿಂದ ಎದ್ದ ಬೆನ್ನಲ್ಲೇ ಹಡಗು ಹತ್ತಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದರು. ಆ ವರ್ಷ ಸೇರಿದ್ದ ಪ್ರತಿನಿಧಿಗಳ ಸಂಖ್ಯೆಯೂ 1889 ಎಂಬುದು ಒಂದು ಸ್ವಾರಸ್ಯ. ದೇವರನ್ನು ನಂಬುವ ಸಾವಿರಾರು ಭಾರತೀಯರು ಆ ನಾಸ್ತಿಕನನ್ನು ತಮ್ಮವನೆಂದೇ ಬರಮಾಡಿಕೊಂಡರು. ಮರುವರ್ಷ ಅವರು ನಮ್ಮ ಶಾಸನ ಸಭೆಗಳ ಸುಧಾರಣೆಗಾಗಿ ಪಾರ್ಲಿಮೆಂಟಿನಲ್ಲಿ ಮಸೂದೆ ಮಂಡಿಸಿದರು.

1891ರ ಜನವರಿಯಲ್ಲಿ ಬ್ರಾಡ್ಲಾ ಮತ್ತೆ ಹಾಸಿಗೆ ಹಿಡಿದರು. ಆ ತಿಂಗಳ 27ರಂದು ಕಾಮನ್ಸ್ ಸಭೆ, ಅವರನ್ನು ಹೊರಗಿಟ್ಟ 1880ರ ಗೊತ್ತುವಳಿಯನ್ನು ತನ್ನ ದಾಖಲೆಯಿಂದ ತೆಗೆದುಹಾಕಲು ಒಪ್ಪಿತು. ಪ್ರಜ್ಞೆಯಿಲ್ಲದೆ ಮಲಗಿದ್ದ ಅವರಿಗೆ ಅದು ತಿಳಿಯಲಿಲ್ಲ. ಜನವರಿ 30ರಂದು, 57ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲಂಡನ್ನಿನ ಹೊರಗಿನ ಬ್ರೂಕ್‌ವುಡ್‌ನಲ್ಲಿ ಮಂತ್ರ, ಪ್ರಾರ್ಥನೆ, ಭಾಷಣಗಳಿಲ್ಲದೆ ಮೌನವಾಗಿ ಮಣ್ಣು ಮಾಡಿದರು. ಸಾಯುವಾಗ ಅವರು ದೇವರನ್ನು ನೆನೆದರೆಂಬ ಗಾಳಿಮಾತು ಏಳಬಹುದೆಂದು ಮೊದಲೇ ಅರಿತ ಮಗಳು ಹೈಪೇಷಿಯಾ, ಹಾಸಿಗೆಯ ಬಳಿ ಇದ್ದ ದಾದಿಯರಿಂದ ಹಾಗೇನೂ ನಡೆಯಲಿಲ್ಲವೆಂದು ಬರೆಸಿಕೊಂಡಿದ್ದರು. ಆದರೂ ಗಾಳಿಮಾತು ಎದ್ದಿತು. ನಾಸ್ತಿಕನ ಮಾತನ್ನು ಸತ್ತ ಮೇಲೂ ಜನ ನಂಬಲಿಲ್ಲ.

ಆ ಅಂತ್ಯಕ್ರಿಯೆಗೆ ಹೋಗಿದ್ದ ಭಾರತೀಯರಲ್ಲಿ 21 ವರ್ಷದ ಒಬ್ಬ ಕಾನೂನು ವಿದ್ಯಾರ್ಥಿ ಇದ್ದ. ಹೆಸರು ಮೋಹನದಾಸ ಕರಮಚಂದ ಗಾಂಧಿ. ನಾಸ್ತಿಕವಾದ ಅವರಿಗೆ ರುಚಿಸಿರಲಿಲ್ಲ. ಅಂದು ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಪಾದ್ರಿಯೊಬ್ಬರನ್ನು ಕೆಣಕಿದ್ದನ್ನು ಕಂಡು ಆ ಅರುಚಿ ಹೆಚ್ಚಾಯಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ ಬ್ರಾಡ್ಲಾರ ಮೇಲಿನ ಗೌರವ ಉಳಿಯಿತು. ನಲವತ್ತು ವರ್ಷಗಳ ನಂತರ, 1931ರಲ್ಲಿ, ದೇವರೇ ಸತ್ಯ ಎನ್ನುವುದಕ್ಕಿಂತ ಸತ್ಯವೇ ದೇವರು ಎನ್ನುವುದು ಸರಿಯೆಂದು ವಿವರಿಸುವಾಗ ಗಾಂಧೀಜಿ ಬ್ರಾಡ್ಲಾರನ್ನು ನೆನೆದರು. ಅಂಥವರನ್ನು ತಾವು ನಾಸ್ತಿಕರೆಂದು ಎಣಿಸಲಾರೆ ಎಂದರು. ಅದು ಪ್ರೀತಿಯಿಂದ ಆಡಿದ ಮಾತು. ಆದರೂ ಬ್ರಾಡ್ಲಾ ಅದನ್ನು ಕೇಳಿದ್ದರೆ ನಯವಾಗಿಯೇ ಆಕ್ಷೇಪಿಸುತ್ತಿದ್ದರೇನೋ. ಒಳ್ಳೆಯ ನಾಸ್ತಿಕನನ್ನು ಕಂಡಾಗ ಇವನು ನಿಜವಾಗಿ ಆಸ್ತಿಕನೇ ಎಂದು ಹೇಳುವುದು ನಮ್ಮಲ್ಲೂ ಇದೆ. ಮೆಚ್ಚುಗೆಯಂತೆ ಕಂಡರೂ, ನಾಸ್ತಿಕ ನಾಸ್ತಿಕನಾಗಿಯೇ ಒಳ್ಳೆಯವನಾಗಿರಲು ಸಾಧ್ಯವಿಲ್ಲವೆಂಬ ಹಳೆಯ ಅನುಮಾನ ಅದರೊಳಗೆ ಕುಳಿತಿರುತ್ತದೆ.

ಈ ಪ್ರಶ್ನೆ ನಮ್ಮ ಸಂವಿಧಾನ ರಚನಾ ಸಭೆಯ ಮುಂದೆಯೂ ಬಂತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು 1949ರ ಅಕ್ಟೋಬರ್ 17ರಂದು ಸೂಚಿಸಿದರು. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ವಿರೋಧಿಸಿದವರಲ್ಲಿ ದೈವಭಕ್ತರೂ ಇದ್ದರು; ಒಬ್ಬರ ನಂಬಿಕೆಯನ್ನು ಇನ್ನೊಬ್ಬರ ಮೇಲೆ ಹೇರಬಾರದೆಂಬುದು ಅವರ ಅಭಿಪ್ರಾಯ. ಪ್ರಮಾಣವಚನದ ವಿಷಯದಲ್ಲಿ ಸಂವಿಧಾನದ ಮೂರನೆಯ ಅನುಸೂಚಿ ಎರಡು ದಾರಿ ಇಟ್ಟಿದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ದೇವರ ಹೆಸರಿಲ್ಲದೆ ದೃಢವಾಗಿ ಪ್ರತಿಜ್ಞೆ ಮಾಡಬಹುದು. ಎರಡಕ್ಕೂ ಒಂದೇ ಬೆಲೆ. ವಿಧಾನಸೌಧದಲ್ಲಿ ಶಾಸಕರು, ಮಂತ್ರಿಗಳು ಅಧಿಕಾರ ಸ್ವೀಕರಿಸುವಾಗ ಗಮನವಿಟ್ಟು ಕೇಳಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಬ್ರಾಡ್ಲಾ ಆರು ವರ್ಷ ಬಡಿದ ಬಾಗಿಲು ನಮ್ಮಲ್ಲಿ ಮೊದಲ ದಿನದಿಂದಲೇ ತೆರೆದಿತ್ತು.

ಕಾನೂನಿನ ಬಾಗಿಲು ತೆರೆದಷ್ಟು ಬೇಗ ಮನಸ್ಸಿನ ಬಾಗಿಲು ತೆರೆಯುವುದಿಲ್ಲ. ನಮ್ಮ ತರಗತಿಗಳಲ್ಲಿ ನಾನಾ ಮನೆಗಳ ಮಕ್ಕಳು ಕೂರುತ್ತಾರೆ. ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚುವವರಿರುತ್ತಾರೆ, ಮುಚ್ಚದೆ ಸುಮ್ಮನೆ ನಿಲ್ಲುವವರೂ ಇರಬಹುದು. ಪೂಜೆ ಇಲ್ಲದ ಮನೆಯಿಂದ ಬಂದ ಹುಡುಗಿಯ ಡಬ್ಬಿಯ ಊಟವನ್ನು ಗೆಳತಿಯರು ಹಂಚಿಕೊಂಡು ತಿಂದರೆ, ಆ ಬೇಕರಿಯವಳಿಗಿಂತ ನಾವು ಒಂದು ಹೆಜ್ಜೆ ಮುಂದಿದ್ದೇವೆ ಎಂದು ತಿಳಿಯಬಹುದು. ಶಿಕ್ಷಕರಾದ ನಮಗೂ ಇಲ್ಲೊಂದು ಪಾಠವಿದೆ. ಹದಿನೈದರ ಹುಡುಗನೊಬ್ಬ ಸಂದೇಹ ಬರೆದು ಕಳುಹಿಸಿದಾಗ ಪಾದ್ರಿಗಳಿಗೆ ಉತ್ತರ ಗೊತ್ತಿರಲೇಬೇಕೆಂದಿರಲಿಲ್ಲ. ಬಾ, ಕೂತು ನೋಡೋಣ ಎಂದಿದ್ದರೂ ಸಾಕಿತ್ತು. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯಲ್ಲಿ ಮುಂದಿನ ಐವತ್ತು ವರ್ಷಗಳಲ್ಲಿ ಇಂತಹ ಪತ್ರಗಳು ಇನ್ನೂ ಬರಲಿ, ಅವಕ್ಕೆ ಉತ್ತರ ಕೂಡ ಹೋಗುತ್ತಿರಲಿ.